ಗೇರುಬೀಜದ ಡಬ್ಬಿಯಲ್ಲಿದ್ದ ಕಡಲು

ಕಳೆದ ತಿಂಗಳು ಕಾರ್ಕಳದಿಂದ ಉಡುಪಿಗೆ ಬರುತ್ತಿದ್ದಾಗ ಬಸ್ಸು ಕುಕ್ಕುಂದೂರಿನಲ್ಲಿ ನಿಂತಿತು. ಕಿಟಕಿಯಿಂದ ಗೇರುಬೀಜ ಹುರಿಯುವ ಹೊಗೆ ಒಳಗೆ ಬಂತು. ಆ ವಾಸನೆ ಗೊತ್ತಿದ್ದವರಿಗೆ ವಿವರಿಸಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಸಿಪ್ಪೆಯ ಎಣ್ಣೆ ಸುಟ್ಟು ಗಂಟಲಿಗೆ ಅಂಟಿಕೊಳ್ಳುವ, ಕಣ್ಣು ಉರಿಸುವ ವಾಸನೆ ಅದು. ಪಕ್ಕದ ಸೀಟಿನ ಹೆಂಗಸು ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು, "ಕಿಟಕಿ ಹಾಕಿ ಮಾರಾಯ್ರೇ" ಎಂದರು. ಹಾಕಿದೆ. ಹೊಗೆ ಅಷ್ಟರಲ್ಲಿ ಒಳಗೆ ಬಂದಾಗಿತ್ತು. ಉಡುಪಿ ತಲುಪುವವರೆಗೂ ನಾನು 1984ರ ಮಳೆಗಾಲದಲ್ಲೇ ಕುಳಿತಿದ್ದೆ.

ಮನೆಗೆ ಬಂದು ಆ ವರ್ಷದ ಡೈರಿ ತೆಗೆದೆ. ಎಲ್ಲವನ್ನೂ ಎಣಿಸಿ ಬರೆದಿಡುವುದು ನನ್ನ ಅಭ್ಯಾಸ. ಮಳೆ ಬಂದ ದಿನ, ತಪ್ಪಿಹೋದ ಬಸ್ಸು, ಓದಿ ಮುಗಿಸಿದ ಪುಸ್ತಕ, ಅಂಗಳದ ಮಲ್ಲಿಗೆ, ಎಲ್ಲಕ್ಕೂ ಒಂದೊಂದು ಗೆರೆ. "ಇವಳು ತನ್ನ ಮದುವೆಯ ದಿನವೂ ಎಷ್ಟು ಮಂದಿ ಉಂಡರು ಅಂತ ಎಣಿಸುತ್ತಾ ಕೂರುವವಳು" ಎಂದು ಅಮ್ಮ ಆಡಿಕೊಳ್ಳುವುದುಂಟು. ಆ ಮಳೆಗಾಲದ ಪುಟಗಳಲ್ಲಿ ಗೆರೆಗಳು ಬೇಕಾದಷ್ಟಿವೆ. ಆದರೆ ಗೇರುಬೀಜದ ಹೊಗೆ ಬಂದಾಗ ನನ್ನ ಎದೆಯಲ್ಲಿ ಏಳುವುದು ಯಾವುದೋ ಅದು ಅಲ್ಲಿ ಇಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಆಗ ನನಗೆ ಇಪ್ಪತ್ತೊಂದು ವರ್ಷ. ಜೂನ್ ತಿಂಗಳಲ್ಲಿ ಮಣಿಪಾಲದ ಒಂದು ಕಾಲೇಜಿನ ಲೈಬ್ರರಿಯಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಶಂಕರಪುರದ ಮನೆಯಿಂದ ದಿನಾ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದೆ. ಕೆಲಸ ಏನೆಂದರೆ ಬೂಷ್ಟು ಒರೆಸುವುದು. ನಮ್ಮ ಕರಾವಳಿಯಲ್ಲಿ ಮಳೆಗಾಲವೆಂದರೆ ಕಾಗದದ ಮೇಲೆ ನಡೆಯುವ ದಾಳಿ. ಇವತ್ತು ಒರೆಸಿದ ರಟ್ಟಿನ ಮೇಲೆ ಸೋಮವಾರ ಹಸಿರು ಪುಡಿ ಕೂತಿರುತ್ತದೆ. ಪುಟಗಳ ಒಳಗೆ ಬೆಳ್ಳಿ ಬಣ್ಣದ ಹುಳ ಓಡುತ್ತದೆ. ಎಲ್ಲಕ್ಕಿಂತ ಮೊದಲು ಸೋಲುವುದು ನಡುವಿನ ಪಿನ್ನು. ಹೊಲಿಗೆಯಿಲ್ಲದೆ ಬರೇ ಪಿನ್ನು ಹೊಡೆದ ತೆಳು ಪುಸ್ತಕಗಳಾದರೆ ಒಂದೇ ಮಳೆಗೆ ಪಿನ್ನು ತುಕ್ಕು ಹಿಡಿದು, ಸುತ್ತ ಕಂದು ಕಲೆಯಾಗಿ, ಎರಡನೇ ಮಳೆಗೆ ಹಾಳೆಗಳು ಕಳಚಿಕೊಳ್ಳುತ್ತವೆ. ಹೀಗಾಗಿ ಒಂದು ಪುಸ್ತಕ ಎಷ್ಟು ಮಳೆ ಕಂಡಿದೆ ಎಂದು ಪಿನ್ನು ನೋಡಿಯೇ ಹೇಳುವಷ್ಟು ನಾನು ಆ ಜುಲೈ ಹೊತ್ತಿಗೆ ಕಲಿತಿದ್ದೆ.

ಲೈಬ್ರರಿಯಲ್ಲಿ ಕಾಣೆಯಾದ ಹಳೆಯ ಮಾಸಪತ್ರಿಕೆಗಳ ಸಂಚಿಕೆಗಳನ್ನು ಹುಡುಕಲು ಶನಿವಾರ ಮಧ್ಯಾಹ್ನ ಆದಿ ಉಡುಪಿಯಲ್ಲಿ ಇಳಿಯುತ್ತಿದ್ದೆ. ಅಲ್ಲಿ ಮಾರುಕಟ್ಟೆ ಅಂಗಳದ ಹತ್ತಿರ ಹಸನಬ್ಬ ಕಾಕನ ಗುಜರಿ ಅಂಗಡಿ. ಅವರಿಗೆ ಕಬ್ಬಿಣ, ಬಾಟಲಿ, ಕಾಗದ ಎಲ್ಲವೂ ಒಂದೇ. ಅಂಥ ಒಂದು ಶನಿವಾರ, ಹೊರಗೆ ಮಳೆ ಹೊಡೆಯುತ್ತಿದ್ದಾಗ, ಹರಿದ ಸಿಮೆಂಟು ಚೀಲಗಳ ಪಕ್ಕದಲ್ಲಿ ಒಂದು ನೀಲಿ ರಕ್ಷಾಪುಟ ಕಂಡೆ. ಬಗ್ಗಿ ಎತ್ತಿಕೊಂಡೆ. ಕೈ ಅಲ್ಲೇ ನಿಂತಿತು.

ಅದು 'ಕಡಲಕಣ್ಣು'. ಮೂರನೇ ಸಂಚಿಕೆ.

ನಾನು ಹತ್ತು ವರ್ಷದವಳಿದ್ದಾಗ, ಎಪ್ಪತ್ತಮೂರರ ಮಳೆಗಾಲದಿಂದ ತಿಂಗಳಿಗೊಂದರಂತೆ ಬಂದ ಚಿತ್ರಕಥೆ ಅದು. ಕಾಪುವಿನಂಥದೇ ಒಂದು ದೀಪಸ್ತಂಭ, ಅಲ್ಲಿ ದೀಪ ನೋಡಿಕೊಳ್ಳುವವನ ಮಗಳು ಕುಸುಮ, ಅವಳ ಸಾಹಸಗಳು. ಉಡುಪಿ ಬಸ್ ನಿಲ್ದಾಣದ ಅಂಗಡಿಯಿಂದ ಅಪ್ಪ ತರುತ್ತಿದ್ದರು. ಹನ್ನೊಂದನೇ ಸಂಚಿಕೆಯಲ್ಲಿ ಬಿರುಗಾಳಿಗೆ ಸಿಕ್ಕಿದ ದೋಣಿಯೊಂದನ್ನು ಉಳಿಸಲು ಕುಸುಮಳ ಅಪ್ಪ ಕಡಲಿಗೆ ಇಳಿಯುತ್ತಾನೆ. ಕೊನೆಯ ಚಿತ್ರದಲ್ಲಿ ಅವಳು ಒಬ್ಬಳೇ ಮೇಲೆ ನಿಂತಿದ್ದಾಳೆ. "ಮುಂದಿನ ಸಂಚಿಕೆಯಲ್ಲಿ ಮುಕ್ತಾಯ" ಎಂದು ಕೆಳಗೆ ಬರೆದಿತ್ತು. ಆ ಮುಂದಿನ ಸಂಚಿಕೆ ಬರಲೇ ಇಲ್ಲ. ಅಂಗಡಿಯವರು ಮೊದಲು "ನಾಳೆ" ಎಂದರು, ಮತ್ತೆ "ಬರಲಿಲ್ಲ" ಎಂದರು, ಆಮೇಲೆ ನನ್ನನ್ನು ಕಂಡರೆ ತಲೆ ಮಾತ್ರ ಆಡಿಸುತ್ತಿದ್ದರು. ಅದೇ ವರ್ಷ ನನ್ನ ಅಪ್ಪ ಕೆಲಸಕ್ಕೆಂದು ಬಹರೈನಿಗೆ ಹೋದರು. ಕುಸುಮಳ ಅಪ್ಪ ಮನೆಗೆ ಬಂದನೋ ಇಲ್ಲವೋ ಎಂದು ತಿಳಿಯುವುದು ನನಗೆ ಏಕೆ ಅಷ್ಟು ಬೇಕಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮನೆಯಲ್ಲಿದ್ದ ನನ್ನ ಪ್ರತಿಗಳು ನಾಲ್ಕೈದು ಮಳೆಗೆ ತರಗೆಲೆಯಾಗಿದ್ದವು. ಆದರೆ ಈಗ ಕೈಯಲ್ಲಿದ್ದದ್ದು? ಕಾಗದ ಬಾಳೆಯ ಸುಳಿಯಂತೆ ಬಿಳಿ. ಅಂಚು ಬೆರಳು ಕೊಯ್ಯುವಷ್ಟು ಚೂಪು. ತೆರೆದರೆ ಮೊದಲ ಸಲ ತೆರೆಯುವ ಪುಸ್ತಕದ ಸಣ್ಣ ಸದ್ದು. ಮತ್ತು ಪಿನ್ನು! ಹೊಸ ನಾಣ್ಯದ ಹಾಗೆ ಹೊಳೆಯುತ್ತಿತ್ತು. ಅದು ಒಂದು ಮಳೆಯನ್ನೂ ಕಂಡಿರಲಿಲ್ಲ.

"ಇದು ಎಲ್ಲಿಂದ ಬಂತು ಕಾಕಾ?"

"ಕಾರ್ಕಳದಿಂದ ಬಾಯಮ್ಮ. ಡಬ್ಬಿಯಲ್ಲಿ ಬಂದದ್ದು."

"ಎಂತ ಡಬ್ಬಿ?"

"ಗೇರುಬೀಜದ ಡಬ್ಬಿ. ಕುಕ್ಕುಂದೂರಿನಲ್ಲಿ ಒಂದು ಕಾರ್ಖಾನೆ ಮುಚ್ಚಿ ಬಿದ್ದಿದೆಯಲ್ಲ, ಅದರ ಗೋದಾಮು ಖಾಲಿ ಮಾಡುತ್ತಿದ್ದಾರೆ. ಬೆಸುಗೆ ಬಿಡದ ಡಬ್ಬಿ, ತೂಕವೂ ಉಂಟು. ಒಳಗೆ ಬೀಜ ಉಂಟು ಅಂತ ಆಸೆಯಿಂದ ಎರಡು ಕೊಯ್ದೆ. ನೋಡಿದರೆ ಮಕ್ಕಳ ಪುಸ್ತಕ! ನನ್ನ ಅದೃಷ್ಟ ಹೇಗುಂಟು ನೋಡಿ."

"ಮತ್ತೆ ಉಳಿದ ಡಬ್ಬಿಗಳು?"

"ಅಲ್ಲೇ ಉಂಟು. ಯಾರಿಗೆ ಬೇಕು? ಈ ಕಾಗದ ನುಣುಪು, ಕಡಲೆ ಕಟ್ಟಿದರೆ ಪೊಟ್ಟಣ ನಿಲ್ಲುವುದಿಲ್ಲ."

ನನಗೆ ಮೊದಲು ಬಂದದ್ದು ಸಂಶಯ. ಯಾರೋ ಈಚೆಗೆ ಮತ್ತೆ ಅಚ್ಚು ಹಾಕಿಸಿರಬಹುದಲ್ಲ? ಆ ಸಂಜೆ ಮನೆಗೆ ಹೋಗಿ ಅಟ್ಟದ ಪೆಟ್ಟಿಗೆಯಿಂದ ನನ್ನ ಹಳೆಯ ಮೂರನೇ ಸಂಚಿಕೆಯ ಅವಶೇಷ ತೆಗೆದೆ. ಅದರ ಹದಿಮೂರನೇ ಪುಟದಲ್ಲಿ ಕುಸುಮಳ ಲಂಗದ ಕೆಂಪು ಬಣ್ಣ ಗೆರೆಯಿಂದ ಆಚೆ ಜಾರಿತ್ತು, ಅಚ್ಚಿನಲ್ಲಿ ಹಾಳೆ ಕೂದಲೆಳೆಯಷ್ಟು ಸರಿದರೆ ಹಾಗಾಗುತ್ತದೆ. ಚಿಕ್ಕವಳಿದ್ದಾಗ ಅವಳಿಗೆ ಗಾಳಿ ಬೀಸುತ್ತಿದೆ ಎಂದು ನಂಬಿದ್ದೆ. ಹೊಸದರ ಹದಿಮೂರನೇ ಪುಟ ತೆರೆದೆ. ಅದೇ ಕೆಂಪು, ಅದೇ ಕಡೆಗೆ, ಅಷ್ಟೇ ಜಾರಿತ್ತು. ಎರಡೂ ಒಂದೇ ದಿನ ಒಂದೇ ಯಂತ್ರದಿಂದ ಹೊರಬಂದವು. ಒಂದು ನನ್ನೊಂದಿಗೆ ಮುದುಕಿಯಾಗಿತ್ತು, ಇನ್ನೊಂದು ನಿದ್ದೆಯಿಂದ ಈಗಷ್ಟೇ ಎದ್ದಂತಿತ್ತು. ಚಿಮಿಣಿ ದೀಪದ ಬೆಳಕಿನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕುಳಿತಿದ್ದ ನನ್ನನ್ನು ನೋಡಿ ಅಮ್ಮ ಕೇಳಿದರು, "ಎಂತ, ಊಟ ಬೇಡ್ವಾ?"

ಪುಸ್ತಕದ ಪ್ರತಿ ಪುಟದ ಮೂಲೆಯಲ್ಲಿ 'ಶೀನ' ಎಂಬ ಸಹಿ ಇತ್ತು. ಹುಡುಕುವುದು ಕಷ್ಟವಾಗಲಿಲ್ಲ. ಕಾಪುವಿನಲ್ಲಿ ವಿಚಾರಿಸಿದರೆ, "ಡ್ರಾಯಿಂಗಿನ ಶೀನ ಮಾಸ್ಟ್ರಾ? ದೀಪಸ್ತಂಭದ ದಾರಿಯಲ್ಲಿ ಬಲಕ್ಕೆ" ಎಂದರು. ಶಾಲೆಯಿಂದ ನಿವೃತ್ತರಾಗಿ, ಮಗಳ ಮನೆಯ ಜಗಲಿಯಲ್ಲಿ ಕುಳಿತು ಕಡಲಿನ ಕಡೆಗೆ ಮುಖ ಮಾಡಿದ್ದರು. ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದರ ಮೇಲೂ ಪೊರೆ. ಮಳೆ ಮುಗಿದ ಮೇಲೆ ಮಣಿಪಾಲದಲ್ಲಿ ಆಪರೇಷನ್ ಎಂದು ಹೇಳಿದ್ದರಂತೆ, ಆದರೆ ಭರವಸೆ ಕೊಟ್ಟಿರಲಿಲ್ಲ.

ಮೂರನೇ ಸಂಚಿಕೆಯನ್ನು ಕೈಯಲ್ಲಿಟ್ಟೆ. ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಪುಟ ತಿರುವಿ, ಮತ್ತೆ ಹಿಂದಕ್ಕೆ ತಿರುವಿ ನೋಡಿದರು.

"ಇದನ್ನು ಯಾರು ತೊಳೆದು ಕೊಟ್ಟದ್ದು ಮಗಾ?" ಎಂದು ಕೇಳಿದರು.

ನಾನು ಗೋದಾಮಿನ ವಿಷಯ ಹೇಳಿದೆ. ಕುಕ್ಕುಂದೂರು ಎಂದ ಕೂಡಲೇ ಪುಸ್ತಕ ಮಡಿಲಿಗೆ ಇಳಿಯಿತು.

'ಕಡಲಕಣ್ಣು' ಪ್ರಕಟಿಸುತ್ತಿದ್ದವರು ಆ ಗೇರುಬೀಜದ ಕಾರ್ಖಾನೆಯ ಧಣಿ ಹೆಗ್ಡೆಯವರು. ಅವರೂ ಮಾಸ್ಟ್ರೂ ಶಾಲೆಯ ಕಾಲದ ಸ್ನೇಹಿತರು. ಚಿತ್ರಕಥೆ ಹೊರತರುವ ಹುಚ್ಚು ಇಬ್ಬರಿಗೂ ಸಮಾನ, ದುಡ್ಡು ಮಾತ್ರ ಒಬ್ಬರದು. ಮಾಸ್ಟ್ರು ಕಾಪುವಿನಲ್ಲಿ ಬರೆಯುವುದು, ಮಣಿಪಾಲದಲ್ಲಿ ಅಚ್ಚು, ಕಾರ್ಕಳದಿಂದ ಅಪ್ಪಣೆ ಬಂದ ಮೇಲೆ ಅಂಗಡಿಗಳಿಗೆ ರವಾನೆ.

"ಒಳ್ಳೆಯ ಮನುಷ್ಯ. ಆದರೆ ತಲೆಬಿಸಿ ಕೊಡುವವ," ಎಂದರು ಮಾಸ್ಟ್ರು. "ಮೊದಲನೇ ಸಂಚಿಕೆ ಆದ ಮೇಲೆ ಬಂದು, ಪುಸ್ತಕ ಒಂದು ಬೆರಳು ಗಿಡ್ಡ ಮಾಡಬೇಕು ಅಂದ. ಯಾಕೆ ಅಂದರೆ ಹೇಳುವುದಿಲ್ಲ. ಎರಡನೆಯದರ ಚಿತ್ರ ಪೂರ್ತಿ ಬರೆದು ಆಗಿತ್ತು ಮಗಾ, ಎಲ್ಲ ಪುನಃ ಬರೆದೆ. ಕಾಗದದಲ್ಲಿ ಉಳಿತಾಯ ಮಾಡುವ ಜಿಪುಣ ಅಂತ ಬೈದೆ. ನಗಾಡಿದ, ಅಷ್ಟೆ."

"ಹನ್ನೆರಡನೆಯದು, ಮಾಸ್ಟ್ರೇ?"

ಮಡಿಲಿನ ಪುಸ್ತಕವನ್ನು ಮುಚ್ಚಿ ಪಕ್ಕಕ್ಕಿಟ್ಟರು. ಮತ್ತೆ ಹೇಳಿದರು. ಕೊನೆಯ ಪುಟದ ಬಗ್ಗೆ ಇಬ್ಬರಿಗೂ ಜಗಳವಾಗಿತ್ತು. ಮಕ್ಕಳ ಪುಸ್ತಕ, ಅಪ್ಪ ಮನೆಗೆ ಬರಬೇಕು, ಮಗಳನ್ನು ಎತ್ತಿಕೊಳ್ಳಬೇಕು, ಹಾಗೆ ಬರೆದು ಕೊಡು ಎಂದು ಹೆಗ್ಡೆಯವರು. ನಾನು ಬರೆದದ್ದು ಬರೆದದ್ದೇ ಎಂದು ಮಾಸ್ಟ್ರು. "ನೋಡುವ" ಎಂದು ಹೇಳಿ ಹೆಗ್ಡೆಯವರು ಚಿತ್ರಗಳನ್ನು ತೆಗೆದುಕೊಂಡು ಹೋದರು. ಮುಂದಿನ ತಿಂಗಳು ಅಂಗಡಿಗಳಲ್ಲಿ ಪುಸ್ತಕ ಬರಲಿಲ್ಲ. ಇವರು ಕೇಳಲು ಹೋಗಲಿಲ್ಲ, ಅವರು ಹೇಳಿ ಕಳುಹಿಸಲಿಲ್ಲ. ಆ ಮಳೆಗಾಲ ಮುಗಿಯುವ ಮೊದಲೇ ಹೆಗ್ಡೆಯವರು ತೀರಿಕೊಂಡ ಸುದ್ದಿ ಬಂತು.

"ಅವ ನನ್ನ ಚಿತ್ರ ಒಲೆಗೆ ಹಾಕಿದನಾ, ಬೇರೆಯವರ ಕೈಯಲ್ಲಿ ತಿದ್ದಿಸಿದನಾ, ನನಗೆ ಇವತ್ತಿಗೂ ಗೊತ್ತಿಲ್ಲ. ತಿದ್ದಿಸಿದ್ದಾದರೆ ನನಗೆ ನೋಡುವುದು ಬೇಡ. ಆದರೆ ಗೊತ್ತಾಗಬೇಕು. ಕಣ್ಣು ಇರುವಾಗಲೇ ಗೊತ್ತಾಗಬೇಕು."

"ಕೊನೆಯ ಪುಟದಲ್ಲಿ ಎಂತ ಬರೆದಿದ್ದಿರಿ?"

"ಅದು ಅವನಿಗೆ ಗೊತ್ತು, ನನಗೆ ಗೊತ್ತು," ಎಂದರು. ಆ ದಿನದಿಂದ ಈಚೆಗೆ ಒಂದು ಚಿತ್ರವನ್ನೂ ಅವರು ಅಚ್ಚಿಗೆ ಕೊಟ್ಟಿರಲಿಲ್ಲ ಎಂದು, ನಾನು ಹೊರಡುವಾಗ, ಅವರ ಮಗಳು ಗೇಟಿನ ಹತ್ತಿರ ಹೇಳಿದರು.

ಮಣಿಪಾಲದಲ್ಲಿ ಆ ಪುಸ್ತಕ ಅಚ್ಚಾದ ಮುದ್ರಣಾಲಯಕ್ಕೆ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಹೋಗಿ ಬಂದೆ. ಹತ್ತು ವರ್ಷದ ಹಿಂದಿನ ಕೆಲಸ ನೆನಪಿರುವವರು ಒಬ್ಬರೇ ಸಿಕ್ಕಿದರು. ಬೈಂಡಿಂಗ್ ವಿಭಾಗದ ಆ ಹಿರಿಯರು ಪುಸ್ತಕ ತಿರುಗಿಸಿ ನೋಡಿ, "ನಮ್ಮದೇ" ಎಂದರು. ಪ್ರತಿ ತಿಂಗಳು ಮೊದಲ ಕಟ್ಟು ಹೆಗ್ಡೆಯವರ ಕಾರ್ಖಾನೆಗೆ ಹೋಗಬೇಕು, ಅದು ತಲುಪಿದ ಮೇಲೆ ಉಳಿದದ್ದು ಅಂಗಡಿಗೆ. ಹಾಗಂತ ಅವರ ಕಟ್ಟಪ್ಪಣೆಯಂತೆ. ಕೊನೆಯ ಸಂಚಿಕೆ? ಅವರಿಗೆ ನೆನಪಿರಲಿಲ್ಲ. ಯಾರೂ ಬಂದು ಒಯ್ಯದೆ ಬಿಟ್ಟದ್ದನ್ನು ವರ್ಷದ ಕೊನೆಗೆ ಕತ್ತರಿಸಿ ರದ್ದಿಗೆ ಹಾಕುವುದು ಪದ್ಧತಿ, ಹಾಗೆ ಹೋಗಿರಬಹುದು, ಅಥವಾ ಅಚ್ಚೇ ಆಗಿಲ್ಲದಿರಬಹುದು ಎಂದರು. ಉಳಿದದ್ದು ಗೋದಾಮು ಮಾತ್ರ.

ಆಗಸ್ಟ್ ಮೊದಲ ವಾರ ಹಸನಬ್ಬ ಕಾಕನ ಟೆಂಪೋದಲ್ಲಿ ಕುಕ್ಕುಂದೂರಿಗೆ ಹೋದೆವು. ಹೆಗ್ಡೆಯವರ ಅಳಿಯ, ಅಂದರೆ ತಂಗಿಯ ಮಗ, ಸುದರ್ಶನ ಎಂಬವರು ಗೋದಾಮಿನ ವಾರಸುದಾರರು. "ಡಬ್ಬಿ ನೋಡಲಿಕ್ಕೆ ಮಣಿಪಾಲದಿಂದ ಬಂದಿರಾ?" ಎಂದು ಎರಡು ಸಲ ಕೇಳಿ, ಬೀಗದ ಕೈಯನ್ನು ಗುಲಾಬಿಯಕ್ಕನ ಹತ್ತಿರ ಕಳುಹಿಸಿದರು. ಗುಲಾಬಿಯಕ್ಕ ಕಾರ್ಖಾನೆಯ ಪ್ಯಾಕಿಂಗಿನಲ್ಲಿದ್ದವರು. ಈಗ ಅಲ್ಲೇ ಒಂದು ಕೋಣೆಯಲ್ಲಿದ್ದು ಕಾವಲು ನೋಡಿಕೊಳ್ಳುತ್ತಿದ್ದರು. ಸಿಪ್ಪೆಯ ಎಣ್ಣೆಗೆ ಕಪ್ಪಾದ ಬೆರಳುಗಳು, ಬಾಯಿ ತುಂಬ ಎಲೆಯಡಿಕೆ.

ಕಾರ್ಖಾನೆ ಮುಚ್ಚಿ ವರ್ಷಗಳಾಗಿದ್ದರೂ ಗೋದಾಮಿನ ಗೋಡೆಗಳಲ್ಲಿ ಆ ಹೊಗೆ ಇನ್ನೂ ಉಳಿದಿತ್ತು. ಮೂಲೆಯಲ್ಲಿ ಚೌಕ ಡಬ್ಬಿಗಳ ಒಂದು ಸಾಲು. ಪ್ರತಿಯೊಂದರ ಮೇಲೆ ಕಪ್ಪು ಬಣ್ಣದಲ್ಲಿ ಅಂಕೆ. ಎರಡು, ನಾಲ್ಕು, ಐದು, ಹೀಗೆ. ಹಸನಬ್ಬ ಕಾಕ ಕೊಯ್ದ ಮೂರು ಮತ್ತು ಏಳರ ಜಾಗ ಖಾಲಿ. ನಾನು ಸಾಲಿನ ಕೊನೆಗೆ ಓಡಿದೆ. ಧೂಳು ಒರೆಸಿದೆ. ಹನ್ನೆರಡು.

"ಇದು ಹನ್ನೆರಡು!" ಎಂದು ಕೂಗಿದೆ.

"ಹೌದು, ಅದು ಕಡೆಯದ್ದು," ಎಂದರು ಗುಲಾಬಿಯಕ್ಕ, ನಾನು ಏಕೆ ಕೂಗಿದೆ ಎಂದು ಅರ್ಥವಾಗದೆ.

ಅವರಿಂದಲೇ ಎಲ್ಲ ತಿಳಿಯಿತು. ಹೆಗ್ಡೆಯವರು ಮೊದಲನೇ ಸಂಚಿಕೆಯ ಕಟ್ಟನ್ನು ಮನೆಯ ಮರದ ಕಪಾಟಿನಲ್ಲಿ ಇಟ್ಟಿದ್ದರಂತೆ. ಆ ಮಳೆಗೇ ಅದು ಬೂಷ್ಟು ಹಿಡಿದು ಹೋಯಿತು. ಅದನ್ನು ಕಂಡ ಮರುದಿನ ಪ್ಯಾಕಿಂಗಿಗೆ ಬಂದು ಬಹಳ ಹೊತ್ತು ಡಬ್ಬಿಗಳನ್ನು ನೋಡುತ್ತಾ ನಿಂತರು. ಪರದೇಶಕ್ಕೆ ಹೋಗುವ ಗೇರುಬೀಜವನ್ನು ತವರದ ಡಬ್ಬಿಯಲ್ಲಿ ತುಂಬಿ, ಪಂಪಿನಿಂದ ಒಳಗಿನ ಗಾಳಿ ಎಳೆದು, ಬದಲಿಗೆ ಗ್ಯಾಸು ಬಿಟ್ಟು, ತೂತಿಗೆ ಬೆಸುಗೆ ಹಾಕುತ್ತಾರೆ. ಒಳಗೆ ಗಾಳಿಯಿಲ್ಲ, ತೇವವಿಲ್ಲ, ಹುಳ ಬದುಕುವುದಿಲ್ಲ.

"ಬೀಜ ಉಳಿಯುತ್ತದೆ ಅಂತಾದರೆ ಪುಸ್ತಕ ಯಾಕೆ ಉಳಿಯುವುದಿಲ್ಲ ಅಂತ ಕೇಳಿದರು ಧಣಿಗಳು," ಎಂದರು ಗುಲಾಬಿಯಕ್ಕ. "ನಮಗೆ ನಗು. ಆದರೆ ಧಣಿಗಳಲ್ಲವಾ? ಅಲ್ಲಿಂದ ತಿಂಗಳಿಗೆ ಒಂದು ಡಬ್ಬಿ ಪುಸ್ತಕದ್ದು. ನಾನೇ ತುಂಬಿಸುವುದು. ಮೊದಲು ಪುಸ್ತಕ ಡಬ್ಬಿಗೆ ಇಳಿಯುತ್ತಿರಲಿಲ್ಲ, ಒಂದು ಬೆರಳು ಉದ್ದ. ಮಡಚುವುದಾ ಅಂತ ಕೇಳಿದೆ. ಬೈದುಬಿಟ್ಟರು. ಪುಸ್ತಕವನ್ನೇ ಗಿಡ್ಡ ಮಾಡಿಸಿಕೊಂಡು ಬಂದರು."

ನಾನು ಎರಡನೇ ಸಂಚಿಕೆಯ ಡಬ್ಬಿಯ ಮೇಲೆ ಕೈಯಿಟ್ಟು ನಿಂತೆ. ಜಿಪುಣತನವಲ್ಲ ಅದು. ಒಬ್ಬ ಮನುಷ್ಯ ತನ್ನ ಸ್ನೇಹಿತನ ಚಿತ್ರಗಳು ಹಾಳಾಗಬಾರದೆಂದು ಪುಸ್ತಕದ ಆಕಾರವನ್ನೇ ಬದಲಿಸಿದ್ದ, ಆ ಕಾರಣವನ್ನು ಹೇಳಿಕೊಳ್ಳಲು ನಾಚಿ ಬೈಸಿಕೊಂಡಿದ್ದ.

ನಾಲ್ಕರ ಡಬ್ಬಿಯನ್ನು ಅಲ್ಲೇ ತೆರೆದೆವು. ಹಸನಬ್ಬ ಕಾಕ ಉಳಿ ಇಟ್ಟು ಹೊಡೆದರು. ತವರ ತೂತಾದ ಕ್ಷಣ ಡಬ್ಬಿ 'ಉಸ್' ಎಂದಿತು. ಅವರು ಕೈ ಹಿಂದಕ್ಕೆ ಎಳೆದು, "ಯಾ ಅಲ್ಲಾ, ಉಸಿರಾಡುತ್ತದೆ!" ಎಂದರು. ಮುಚ್ಚಳ ಸುರುಳಿ ಬಿಚ್ಚಿತು. ಒಳಗೆ, ಡಬ್ಬಿಯ ಗೋಡೆಗೂ ಪುಸ್ತಕಕ್ಕೂ ನಡುವೆ ಉಗುರು ಹೋಗದಷ್ಟು ಬಿಗಿಯಾಗಿ, ನೂರಕ್ಕೂ ಮಿಕ್ಕಿ ಪ್ರತಿಗಳು. ಮಸಿಯ ವಾಸನೆ ಬಂತು. ಹಳೆಯ ಕಾಗದದ್ದಲ್ಲ, ನಿನ್ನೆ ಅಚ್ಚಾದದ್ದರ ವಾಸನೆ. ಮೇಲಿನದನ್ನು ಎತ್ತಿದೆ. ಕಡಲು ನೀಲಿಯಾಗಿತ್ತು. ಮೂರನೆಯದರಲ್ಲಿ ನನ್ನ ಕಣ್ಣು ಪಿನ್ನು, ಅಂಚು, ಜಾರಿದ ಕೆಂಪು ಇವುಗಳ ಮೇಲೇ ಇತ್ತು, ಕಡಲನ್ನು ಸರಿಯಾಗಿ ನೋಡಿರಲಿಲ್ಲ. ನನ್ನ ಮನೆಯ ಪ್ರತಿಗಳಲ್ಲಿ ಅದು ಪಾಚಿ ಹಸಿರು, ನನ್ನ ನೆನಪಿನಲ್ಲೂ ಹಸಿರೇ. ಕುಸುಮಳ ಕಡಲು ಇಷ್ಟು ನೀಲಿಯಾಗಿತ್ತೆಂದು ನಾನು ಮರೆತೇ ಬಿಟ್ಟಿದ್ದೆ. ಹತ್ತು ವರ್ಷದಿಂದ ಗಾಳಿ ಸೋಕದ ಡಬ್ಬಿಯೊಳಗೆ ಆ ನೀಲಿ ಹಾಗೇ ಉಳಿದಿತ್ತು. ಗೋದಾಮಿನ ಬಾಗಿಲಿನ ಹೊರಗೆ ಮಳೆ ಸುರಿಯುತ್ತಿತ್ತು.

ಹನ್ನೆರಡರ ಮೇಲೆ ಕಾಕ ಉಳಿ ಇಟ್ಟಾಗ ನಾನೇ ತಡೆದೆ. ಅದು ಮಾಸ್ಟ್ರ ಎದುರು ತೆರೆಯಬೇಕು. ಜೊತೆಗೆ, ಇಷ್ಟು ತೇವದಲ್ಲಿ ತೆರೆದರೆ ಕಾಗದ ಕೂಡಲೇ ನೀರು ಕುಡಿಯುತ್ತದೆ. ಒಣ ದಿನ ಬರಲಿ.

ಮಾಸ್ಟ್ರಿಗೆ ಹೋಗಿ ಎಲ್ಲ ಹೇಳಿದೆ. ಬೆರಳು ಗಿಡ್ಡ ಮಾಡಿದ ಕಾರಣ ಕೇಳಿ ತಲೆ ತಗ್ಗಿಸಿದರು. "ಹೇಳಬಹುದಿತ್ತಲ್ಲ ನನಗೆ," ಎಂದರು ಕೊನೆಗೆ. ಡಬ್ಬಿ ಉಂಟು ಎಂದರೆ ಅಚ್ಚಾಗಿದೆ. ಆದರೆ ಕೊನೆಯ ಪುಟ ಯಾರದ್ದು? ಅವರ ಪ್ರಶ್ನೆ ಈಗ ಅಷ್ಟಕ್ಕೇ ಇಳಿದಿತ್ತು, ಮತ್ತು ಹರಿತವಾಗಿತ್ತು.

ಮಳೆ ಬಿಡಲಿಲ್ಲ. ಡೈರಿಯಲ್ಲಿ ಆ ಆಗಸ್ಟಿನ ಉದ್ದಕ್ಕೂ ಮಳೆಯ ಗೆರೆಗಳು ಬೇಲಿಯ ಹಾಗೆ ನಿಂತಿವೆ. ವಾರಕ್ಕೊಮ್ಮೆ ಕಾಪುವಿನಲ್ಲಿ ಬಸ್ಸಿಳಿದು ಅವರನ್ನು ನೋಡಿ ಬರುತ್ತಿದ್ದೆ. ಒಂದು ಸಲ ನಾನು ಜಗಲಿ ಹತ್ತುವವರೆಗೂ ಅವರಿಗೆ ಗುರುತು ಸಿಗಲಿಲ್ಲ. ಇನ್ನೊಂದು ಸಲ ನಾನು ಮಾತಾಡಿದ ಮೇಲೆ ದನಿಯಿಂದ ನನ್ನನ್ನು ಗುರುತಿಸಿ, "ಓ, ಐರಿನ್ನಾ" ಎಂದರು. ಒಣ ದಿನಕ್ಕಾಗಿ ಕಾಯುವುದೋ, ಆ ಕಣ್ಣಿಗಾಗಿ ಅವಸರ ಮಾಡುವುದೋ ಎಂದು ನಾನು ಪ್ರತಿ ಸಂಜೆ ಆಕಾಶ ನೋಡುತ್ತಿದ್ದೆ. ಸೆಪ್ಟೆಂಬರಿನಲ್ಲಿ ಬಿಸಿಲು ಬಿದ್ದ ಮೊದಲ ಭಾನುವಾರ ಬೆಳಿಗ್ಗೆಯ ಪೂಜೆ ಮುಗಿಸಿ ಇಗರ್ಜಿಯಿಂದ ನೇರ ಹೊರಟೆ. ಮಾಸ್ಟ್ರು ಇಸ್ತ್ರಿ ಹಾಕಿದ ಅಂಗಿ ಹಾಕಿಕೊಂಡು ಆಗಲೇ ಸಿದ್ಧರಾಗಿದ್ದರು. ಟೆಂಪೋದಲ್ಲಿ ಅವರನ್ನು ಮುಂದೆ ಕೂರಿಸಿ ಹಸನಬ್ಬ ಕಾಕ, "ಮಾಸ್ಟ್ರೇ, ನಿಮ್ಮ ಪುಸ್ತಕದ ಎರಡು ಡಬ್ಬಿ ನಾನು ಮೊದಲೇ ಕೊಯ್ದದ್ದಕ್ಕೆ ಬೇಜಾರು ಇಲ್ಲವಲ್ಲ?" ಎಂದರು.

"ಕೊಯ್ಯದಿದ್ದರೆ ನಾನು ಇಲ್ಲಿ ಎಲ್ಲಿ ಕೂರುತ್ತಿದ್ದೆ ಮಾರಾಯ?"

ಗೋದಾಮಿನ ಬಾಗಿಲಲ್ಲಿ, ಬೆಳಕು ಚೆನ್ನಾಗಿರುವಲ್ಲಿ, ಮಾಸ್ಟ್ರಿಗೆ ಕುರ್ಚಿ ಹಾಕಿದೆವು. ಹನ್ನೆರಡರ ಡಬ್ಬಿಯನ್ನು ಗುಲಾಬಿಯಕ್ಕ ಸೊಂಟದ ಮೇಲೆ ಹೊತ್ತು ತಂದು ಅವರ ಕಾಲ ಬಳಿ ಇಟ್ಟರು. ಕಾಕ ಉಳಿ ಇಟ್ಟು ಈ ಸಲ ಮೆಲ್ಲಗೆ ಹೊಡೆದರು. ಉಸಿರು ಬಂತು. ಮುಚ್ಚಳ ಸುತ್ತಿ ತೆಗೆದರು.

ಒಳಗೆ ಗೇರುಬೀಜ ಇತ್ತು.

ಬಾಯಿಯವರೆಗೆ ತುಂಬಿದ, ಬೆಳ್ಳಗಿನ, ಒಂದೇ ಅಳತೆಯ, ಇಡೀ ಇಡೀ ಬೀಜ. ನಾನು ಮೊಣಕೈಯವರೆಗೆ ಕೈ ಹಾಕಿ ತಳ ಮುಟ್ಟಿದೆ. ಬೀಜವೇ. ಕಾಗದದ ಚೂರೂ ಇಲ್ಲ.

"ಎಂತ ಉಂಟು? ಮಗಾ, ಎಂತ ಉಂಟು?" ಎಂದು ಮಾಸ್ಟ್ರು ಕೇಳುತ್ತಿದ್ದರು. ಹಸನಬ್ಬ ಕಾಕ ಒಂದು ಬೀಜ ತೆಗೆದು ಅವರ ಅಂಗೈಯಲ್ಲಿಟ್ಟರು. ಮಾಸ್ಟ್ರು ಅದನ್ನು ಬೆರಳಿನಿಂದ ತಿರುವಿ ನೋಡಿ, ಮೂಸಿ, ಸುಮ್ಮನೆ ಹಿಡಿದುಕೊಂಡರು. ಕಾಕನೇ ಒಂದನ್ನು ಬಾಯಿಗೆ ಹಾಕಿ ಜಗಿದು, "ಸ್ವಲ್ಪ ಹಳತಾಗಿದೆ. ಆದರೆ ಬೀಜವೇ," ಎಂದರು, ಬಹಳ ದುಃಖದಿಂದ. "ನನಗೆ ಬೀಜ ಬೇಕಾದಾಗ ಪುಸ್ತಕ. ಈಗ ಪುಸ್ತಕ ಬೇಕಾದಾಗ ಬೀಜ. ಈ ಡಬ್ಬಿಗಳಿಗೆ ನನ್ನ ಮೇಲೆ ಎಂತ ದ್ವೇಷವೋ."

ಗುಲಾಬಿಯಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದರು.

"ಅಯ್ಯೋ ದೇವರೇ," ಎಂದರು. "ಲಾರಿಯ ದಿನ!"

ಎಪ್ಪತ್ತನಾಲ್ಕರ ಜೂನಿನಲ್ಲಿ, ಮಳೆ ಹಿಡಿಯುವ ಮೊದಲು ಮಂಗಳೂರಿಗೆ ಹೋಗುವ ಕಡೆಯ ಲಾರಿ ಬಾಗಿಲಲ್ಲಿ ನಿಂತಿತ್ತಂತೆ. ಆ ಬೆಳಿಗ್ಗೆಯೇ ಧಣಿಗಳು ಮನೆಯಲ್ಲಿ ಕುಸಿದು ಬಿದ್ದ ಸುದ್ದಿ ಬಂದು ಕಾರ್ಖಾನೆ ಇಡೀ ಗಲಿಬಿಲಿ. ಪುಸ್ತಕದ ಡಬ್ಬಿಯೂ ಬೀಜದ ಡಬ್ಬಿಗಳೂ ಬೆಸುಗೆಯಾಗಿ ಒಂದೇ ಕಡೆ ತಣಿಯಲು ಇಟ್ಟಿದ್ದವು. ಬಣ್ಣದಲ್ಲಿ ಅಂಕೆ ಹೊಡೆಯುವವನು ಅವಸರದಲ್ಲಿ ಹನ್ನೆರಡನ್ನು ಬೀಜದ ಡಬ್ಬಿಗೆ ಹೊಡೆದ. ಪುಸ್ತಕದ ಡಬ್ಬಿಗೆ ಪರದೇಶದ ಗುರುತು ಬಿತ್ತು, ಲಾರಿ ಹತ್ತಿತು.

"ಅದಾಗಿ ಎಷ್ಟೋ ತಿಂಗಳ ಮೇಲೆ ಆಫೀಸಿನವರು ಬಂದು ನಮಗೆ ಬೈದರು, ಡಬ್ಬಿಯಲ್ಲಿ ಕಾಗದ ತುಂಬಿ ಕಳಿಸಿದ್ದೀರಿ ಅಂತ. ನಾವು ಹಾಗೆ ಮಾಡುತ್ತೇವಾ ಅಂತ ನಾವೂ ಜಗಳಕ್ಕೆ ನಿಂತೆವು. ಧಣಿಗಳು ಇರಲಿಲ್ಲ. ಇದು ಯಾರ ತಲೆಗೂ ಹೋಗಲಿಲ್ಲ."

"ಯಾವ ಊರಿಗೆ ಹೋಯಿತು?" ಎಂದು ಕೇಳಿದೆ.

"ಹಡಗು ಹತ್ತಿದ ಮೇಲೆ ನಮಗೆ ಎಲ್ಲ ಒಂದೇ ಊರು ಬಾಯಮ್ಮ."

ಇನ್ನು ಯಾರೂ ಎಂದೂ ಅದನ್ನು ನೋಡುವುದಿಲ್ಲ ಎಂದು ನನಗೆ ಆಗ ಅರ್ಥವಾಯಿತು. ಧಣಿಗಳು ಹೋದ ಮೇಲೆ ಅಪ್ಪಣೆ ಕೊಡುವವರಿಲ್ಲದೆ ಮಣಿಪಾಲದಲ್ಲಿ ಉಳಿದ ಕಟ್ಟುಗಳು ಕತ್ತರಿಗೆ ಹೋಗಿದ್ದವು. ಇದ್ದ ಒಂದು ಡಬ್ಬಿ ಕಡಲು ದಾಟಿತ್ತು. ಯಾವುದೋ ಚಳಿಯ ದೇಶದಲ್ಲಿ ಯಾರೋ ಮುಚ್ಚಳ ತೆಗೆದು ಕುಸುಮಳನ್ನು ಕಂಡಿರಬೇಕು. ಅದನ್ನು ಯೋಚಿಸಿದರೆ ಈಗಲೂ ನನಗೆ ಮೈ ನವಿರೇಳುತ್ತದೆ. ಆದರೆ ಆ ಗಳಿಗೆ ಮಾಸ್ಟ್ರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವರ ಪ್ರಶ್ನೆಗೆ ಉತ್ತರ ಹೇಳಬಲ್ಲ ಕಾಗದ ಭೂಮಿಯ ಮೇಲೆ ನಮ್ಮ ಕೈಗೆ ಸಿಗುವಲ್ಲಿ ಇರಲಿಲ್ಲ.

ಮಾಸ್ಟ್ರು ಮಾತ್ರ ಗುಲಾಬಿಯಕ್ಕನ ಕಡೆಗೆ ತಿರುಗಿದ್ದರು.

"ನೀನಲ್ಲವಾ ತುಂಬಿಸಿದ್ದು?"

"ಹೌದು ಮಾಸ್ಟ್ರೇ."

"ತುಂಬಿಸುವಾಗ ಪುಸ್ತಕ ಬಿಚ್ಚಿ ನೋಡುತ್ತಿದ್ದೆಯಾ?"

ಗುಲಾಬಿಯಕ್ಕ ನನ್ನ ಮುಖ ನೋಡಿದರು, ಬೈಗುಳ ಬರುತ್ತದೋ ಎಂಬಂತೆ. "ನೋಡುತ್ತಿದ್ದೆವು. ಧಣಿಗಳು ಇಲ್ಲದಾಗ. ಆ ಹುಡುಗಿಯದು ಎಂತ ಆಯಿತು ಅಂತ ನಮಗೂ ಬೇಕಲ್ಲ."

"ಕಡೆಯ ಪುಸ್ತಕದಲ್ಲಿ ಎಂತ ಆಯಿತು?"

"ಅದರಲ್ಲಿ ಎಂತದೂ ಆಗುವುದಿಲ್ಲ," ಎಂದರು ಗುಲಾಬಿಯಕ್ಕ, ಹಳೆಯ ಸಿಟ್ಟೊಂದು ನೆನಪಾದವರಂತೆ. "ಆ ಹುಡುಗಿ ಮೇಲೆ ನಿಂತು ನೋಡುತ್ತಾಳೆ, ನೋಡುತ್ತಾಳೆ. ಕಡೆಯ ಪುಟ ತಿರುಗಿಸಿದರೆ ಬರೇ ಕಡಲು. ಜನ ಇಲ್ಲ, ಮಾತು ಇಲ್ಲ. ಪುಟ ಇಡೀ ನೀಲಿ."

ಮಾಸ್ಟ್ರು ಕುರ್ಚಿಯ ಕೈಯನ್ನು ಹಿಡಿದುಕೊಂಡರು.

"ಮತ್ತೆ?"

"ಮತ್ತೆ ಎಂತ... ಒಂದು ಕೊಳೆ ಇತ್ತು. ಇಷ್ಟು ಸಣ್ಣದು, ಹಳದಿ. ನನ್ನ ಕೈಯದ್ದೇ ತಾಗಿತು ಅಂತ ಹೆದರಿದೆ, ಪುಸ್ತಕ ಕೊಳೆಯಾದರೆ ಧಣಿಗಳು ಬಿಡುವುದಿಲ್ಲವಲ್ಲ. ಸೆರಗಿನಲ್ಲಿ ಒರೆಸಿದೆ. ಹೋಗಲಿಲ್ಲ. ಇನ್ನೊಂದು ಪುಸ್ತಕ ತೆಗೆದೆ, ಅದರಲ್ಲಿಯೂ ಇತ್ತು. ಎಲ್ಲದರಲ್ಲಿಯೂ ಇತ್ತು."

"ಎಲ್ಲಿ ಇತ್ತು? ತೋರಿಸು."

ಕಾಕ ಕೊಯ್ದು ಬಿಸುಟಿದ್ದ ಮುಚ್ಚಳವನ್ನು ಗುಲಾಬಿಯಕ್ಕ ಹೆಕ್ಕಿ, ಅಂಗೈಯಿಂದ ಚಪ್ಪಟೆ ಮಾಡಿ ಮಾಸ್ಟ್ರ ತೊಡೆಯ ಮೇಲೆ ಇಟ್ಟರು. ಹೊಳೆಯುವ ಬರಿದಾದ ತವರ. ಸ್ವಲ್ಪ ಯೋಚಿಸಿ, ಮೇಲೆ, ಬಲಬದಿಗೆ, ಅಂಚಿಗೆ ಬಹಳ ಹತ್ತಿರ ತನ್ನ ಕಪ್ಪು ಬೆರಳನ್ನು ಊರಿದರು. ಮಾಸ್ಟ್ರು ಅವರ ಬೆರಳಿನ ಪಕ್ಕಕ್ಕೆ ತಮ್ಮ ಬೆರಳನ್ನು ತಂದು ಇಟ್ಟರು.

"ಅಲ್ಲೇ," ಎಂದರು. "ಮುಟ್ಟಲಿಲ್ಲ ಅವ."

"ಅದು ಎಂತ ಮಾಸ್ಟ್ರೇ, ಆ ಹಳದಿ?" ಎಂದು ಕೇಳಿದರು ಗುಲಾಬಿಯಕ್ಕ.

"ದೋಣಿಯ ಲಾಟೀನು," ಎಂದರು ಶೀನ ಮಾಸ್ಟ್ರು. "ದೂರ ಉಂಟು. ಬರುತ್ತಾ ಉಂಟು."